ಅರ್ಚಿತಾಳ ಇಪ್ಪತ್ತು ಅಚ್ಚುಗಳು

“ವೈದೇಹಿ ಬೆನ್, ತೀರಿಹೋದ ಮಕ್ಕಳ ಮುಖಾನ ಈ ಯಂತ್ರಕ್ಕೆ ಕೊಡಬೇಡಿ,” ಎಂದ ಜೇಠಾಭಾಯಿ. ವಡೋದರಾದ ಆ ಹಳೆಯ ಮುದ್ರಣಶಾಲೆಯಲ್ಲಿ ಮೂವತ್ತು ವರ್ಷ ಕಬ್ಬಿಣದ ಚಕ್ರ ತಿರುಗಿಸಿದ ಮುದುಕ. ಹಿಂದೆ ಯಾವನೋ ಕಲಾವಿದ ಒಬ್ಬ ತಾಯಿಯ ಸತ್ತ ಮಗನ ಚಿತ್ರ ಕೊರೆದು, ಅವಳನ್ನು ಕೇಳದೆ ಊರಿಗೆಲ್ಲ ಮಾರಿದ್ದನಂತೆ. ಅವಳು ಬಂದು ಯಂತ್ರದ ಮೇಲೆ ಕುಂಕುಮ ಬಳಿದ ನಿಂಬೆಹಣ್ಣು ಹಿಂಡಿ, ‘ಇಲ್ಲಿ ಮುಖ ಹಂಚಿದವರಿಗೆ ಆ ಮುಖವೇ ಮರೆತುಹೋಗಲಿ’ ಎಂದು ಹಿಡಿಮಣ್ಣು ತೂರಿ ಹೋದಳಂತೆ.

ವೈದೇಹಿ ನಕ್ಕಳು. “ನಿಂಬೆಹಣ್ಣಿಗಿಂತ ನಿಮ್ಮ ಆಸಿಡ್ಡೇ ಜೋರು, ಕಾಕಾ.”

ಮೈಸೂರಿನವಳು, ಚಿತ್ರ ಬರೆಯುವವಳು. ಗಂಡ ದಿವಾಕರ ಪಕ್ಕದ ಕೊಯಾಲಿಯ ತೈಲ ರಿಫೈನರಿಯಲ್ಲಿ ಎಂಜಿನಿಯರ್. ತೊಂಬತ್ತಮೂರರ ಮಳೆಗಾಲದಲ್ಲಿ ಆರು ವರ್ಷದ ಮಗಳು ಅರ್ಚಿತಾ ಜ್ವರ ಬಂದು ಹೋದಳು. ಬಣ್ಣದ ಚಿತ್ರ ಬರೆದರೆ ಒಂದೇ ಗೋಡೆಗೆ. ತಗಡಿನಲ್ಲಿ ಕೊರೆದರೆ ಎಷ್ಟು ಮನೆಗಾದರೂ ಸರಿ. ಮಗಳು ಆಡಿ ಬೆಳೆದ ಕಾಲೊನಿಯ ಇಪ್ಪತ್ತು ಮನೆಗಳಲ್ಲೂ ಅವಳಿರಲಿ ಎಂದು ತಾಯಿಯ ಆಸೆ. ಆಸೆಯಲ್ಲೇನೂ ತಪ್ಪಿರಲಿಲ್ಲ, ಪಾಪ.

ಜೇಠಾಭಾಯಿ ಹೊರಗೆ ಹೋಗಿ ಕೂತ. ಕಿಟಕಿ ಮುಚ್ಚಿದ ಕತ್ತಲೆ ಕೋಣೆ. ಸೀಮೆಎಣ್ಣೆ, ಮಸಿ, ಮೂಗು ಸುಡುವ ಆಸಿಡ್ ವಾಸನೆ. ಮೇಣ ಬಳಿದ ಸತುವಿನ ತಗಡಿನ ಮೇಲೆ ಸೂಜಿಯಿಂದ ಮಗಳ ಮುಖ ಗೀರಿ ಆಸಿಡ್‌ನಲ್ಲಿ ಮುಳುಗಿಸಿದಳು. ಗೀರಿದ ಗೆರೆಗಳುದ್ದಕ್ಕೂ ಅದು ತಗಡನ್ನು ಸುರ್ರೆಂದು ತಿಂದಿತು. ಆ ಗೆರೆಗಳಿಗೆ ಮಸಿ ತುಂಬಿ, ಒದ್ದೆ ಕಾಗದ ಹಾಸಿ, ಚಕ್ರ ತಿರುಗಿಸಿದಳು.

ಮೊದಲ ಅಚ್ಚಿನಲ್ಲಿ ಅರ್ಚಿತಾ ನಗುತ್ತಿದ್ದಳು. ವೈದೇಹಿ ಮನಸಾರೆ ಅತ್ತಳು.

ಐದನೆಯದಕ್ಕೆ, ಮಗಳು ‘ಅಮ್ಮಾ’ ಎನ್ನುತ್ತಿದ್ದ ದನಿ ನೆನಪಾಗಲಿಲ್ಲ. ಆಸಿಡ್ ಹೊಗೆ ತಲೆಗೇರಿದೆ ಎಂದುಕೊಂಡಳು. ಒಂಬತ್ತನೆಯದನ್ನು ತಗಡಿನ ಪಕ್ಕಕ್ಕೆ ಹಿಡಿದು ನೋಡಿದಳು. ತಗಡಿನ ಎಡ ಅಚ್ಚಿನಲ್ಲಿ ಬಲವಾಗುತ್ತದೆ. ತಗಡಿನಲ್ಲಿ ಮಚ್ಚೆ ಎಡಗೆನ್ನೆಗೆ, ಕಾಗದದಲ್ಲಿ ಬಲಗೆನ್ನೆಗೆ. ಮಗಳಿಗೆ ಯಾವ ಕೆನ್ನೆಯಲ್ಲಿತ್ತು? ಸಾವಿರ ಸಲ ಮುತ್ತಿಟ್ಟ ಮಚ್ಚೆ!

ಮುದುಕನ ಮಾತು ಆಗ ನೆನಪಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು. ಅಲ್ಲಿಗೇ ನಿಲ್ಲಿಸಿದ್ದರೆ ಇದ್ದಷ್ಟಾದರೂ ಉಳಿಯುತ್ತಿತ್ತು. ಆದರೆ ಮನಸ್ಸಿನಲ್ಲಿದ್ದ ಮುಖ ಜಾರುತ್ತಿತ್ತು. ಹಿಡಿದುಕೊಳ್ಳಲು ಇನ್ನೊಂದು ಅಚ್ಚು ತೆಗೆದಳು. ಇನ್ನಷ್ಟು ಜಾರಿತು. ಇನ್ನೊಂದು. ಚಕ್ರ ಕಿರುಗುಟ್ಟಿತು. ಹನ್ನೆರಡು. ಮಗಳ ಮೊದಲ ಹೆಜ್ಜೆ ಹೋಯಿತು. ಹದಿನೈದು. ಹೆರಿಗೆಯ ನೋವು ಹೋಯಿತು. ಹತ್ತೊಂಬತ್ತು. ಹೆಸರಿನ ಮೊದಲ ಅಕ್ಷರವಷ್ಟೇ ನಾಲಿಗೆಯ ಮೇಲೆ. ಅ... ಅ... ಮತ್ತೆ ಚಕ್ರ ತಿರುಗಿಸಿದಳು.

ಸಂಜೆ ದಿವಾಕರ ಕರೆದೊಯ್ಯಲು ಬಂದ. ಜೇಠಾಭಾಯಿ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ. ಒಳಗೆ ಹಗ್ಗದ ಮೇಲೆ ಇಪ್ಪತ್ತು ಅಚ್ಚುಗಳು ಒಣಗುತ್ತಿದ್ದವು. ಒಂದನ್ನು ಮುಟ್ಟಿ ದಿವಾಕರ ಬಿಕ್ಕಿದ. ಮಗಳು ಹೋದಾಗಿನಿಂದ ಹೆಂಡತಿಯನ್ನು ಸಮಾಧಾನ ಮಾಡುವುದರಲ್ಲೇ ದಿನ ಕಳೆದಿತ್ತು. ಅವಳೆದುರು ಒಮ್ಮೆಯೂ ಅತ್ತಿರಲಿಲ್ಲ.

ವೈದೇಹಿ ಮಸಿಗೈ ಒರೆಸಿಕೊಳ್ಳುತ್ತ ಹತ್ತಿರ ಬಂದಳು. ಅವಳ ಮುಖದಲ್ಲಿ ವರ್ಷದಿಂದ ಕಾಣದ ನೆಮ್ಮದಿಯಿತ್ತು.

“ರೀ, ಯಾಕೆ ಅಳ್ತಿದೀರಿ?” ಎಂದಳು. “ಮುದ್ದಾಗಿದೆ ಅಲ್ವಾ? ಯಾರ ಮಗೂರೀ ಇದು?”