ಕರೆಪ್ಪ ಕಲಿಸದ ಸಾಲು

ಹಡಗಿನ ಅಡುಗೆಯವನು ನನಗೆ ಪಾಠ ಹೇಳುತ್ತಾನೆ ಅಂದಾಗ ಮುಖ ಸಿಂಡರಿಸಿದವಳು ನಾನು. ಪ್ರೊಫೆಸರ್ ಬರುತ್ತಾರೆಂದು ಹೊಸ ನೋಟ್‌ಬುಕ್ಕಿಗೆ ಕವರ್ ಹಾಕಿಕೊಂಡು ಕೂತಿದ್ದೆ.

೧೯೭೯. ಕನ್ನಡ ಶಾಲೆಯ ಶಿಕ್ಷಕಿಯಾಗಿದ್ದ ನನ್ನನ್ನು ಬೆಳಗಾವಿಯ ನಮ್ಮ ಶರಣ ಸಂಘ ಎರಡು ವರ್ಷ ಫಿನ್‌ಲ್ಯಾಂಡಿಗೆ ಕಳಿಸಲಿತ್ತು, ಬಸವಣ್ಣನ ಮಾತು ಹೇಳಲು. ಆ ಭಾಷೆ ಬಲ್ಲವನು ಸುತ್ತಲೂ ಒಬ್ಬನೇ: ನಂದಗಡದ ಕುರುಬರ ಕರೆಪ್ಪ. ಗೋವಾದಲ್ಲಿ ಫಿನ್ನಿಶ್ ಹಡಗು ಹತ್ತಿ ಆರು ವರ್ಷ ದುಡಿದು ಬಂದಿದ್ದ. ಪ್ರತಿ ರವಿವಾರ ಖಾನಾಪುರದಲ್ಲಿ ರೈಲು ಹಿಡಿದು ಸಂಘದ ಮನೆಗೆ ಬರುತ್ತಿದ್ದ.

ಮೊದಲ ದಿನ ಕಲಿಸಿದ್ದು ಉಪ್ಪು, ಉಳ್ಳಾಗಡ್ಡಿ, ಸೌಟು. ದೇವರಿಗೆ ಏನನ್ನುತ್ತಾರೆಂದು ಕೇಳಿದೆ.

"ಯುಮಾಲ. ಆದ್ರ ಮೊದಲ ಉಪ್ಪು ಕೇಳಾಕ ಕಲೀರಿ ಬಾಯಾರ. ಅಲ್ಲಿ ಸಾರು ಸಪ್ಪಗಿರತೈತಿ."

ನಗಬಾರದೆಂದು ನೋಟ್‌ಬುಕ್ ನೋಡಿದೆ. ಅವನೂ ತುಟಿ ಬಿಗಿಹಿಡಿದು ನನ್ನ ನೋಟ್‌ಬುಕ್ಕನ್ನೇ ನೋಡುತ್ತಿದ್ದ.

ಫಿನ್ನಿಶ್‌ನಲ್ಲೊಂದು ಸ್ವರವಿದೆ, ಸೀಟಿ ಊದುವಂತೆ ತುಟಿ ಮುಂದೆ ಮಾಡಿ ಅನ್ನಬೇಕು. ಅವನು ಮಾಡಿ ತೋರಿಸುತ್ತಿದ್ದ. ನನಗೆ ಎರಡೇ ವಾರದಲ್ಲಿ ಬಂದಿತ್ತು; ಮೂರು ತಿಂಗಳು ಬೇಕಂತಲೇ ತಪ್ಪಿದೆ.

ಶ್ರಾವಣದಲ್ಲಿ ನನ್ನ ಭಾಷಣ ತಂದೆ. ಒಂದೊಂದೇ ಸಾಲು ಫಿನ್ನಿಶ್‌ನಲ್ಲಿ ಹೇಳಿಕೊಟ್ಟವನು ಒಂದು ಕಡೆ ಪೆನ್ನು ಕೆಳಗಿಟ್ಟ. 'ನಮ್ಮಲ್ಲಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ.'

"ಇದನ್ನ ನಾ ಹೇಳಿಕೊಡಾಂಗಿಲ್ರಿ."

"ಬರಂಗಿಲ್ಲೇನು?"

"ಬರತೈತಿ. ಖರೇ ಆಗಲಿ, ಆಮ್ಯಾಗ ಹೇಳಿಕೊಡತೀನಿ."

ಅರ್ಥವಾದದ್ದು ಮಧ್ಯಾಹ್ನದ ದಾಸೋಹದಲ್ಲಿ. ಲಿಂಗ ಕಟ್ಟಿದವರಿಗೆ ಒಳಗೆ ಪಂಕ್ತಿ. ಅವನಿಗೆ ಪಡಸಾಲೆಯ ಹೊರಗೆ, ಚಪ್ಪಲಿಗಳ ಬಾಜೂಕ್ಕೆ ಒಂದು ಎಲೆ. ಮೂರು ತಿಂಗಳಿಂದ ಅದು ನನ್ನ ಕಣ್ಣಿಗೆ ಬೀಳುತ್ತಿತ್ತು, ನಾನು ನೋಡಿರಲಿಲ್ಲ. ಬಸವಣ್ಣನ ಹೆಸರು ಹೊತ್ತ ಮನೆಯ ಕುರುಡು ಇದು. ಮನುಷ್ಯನನ್ನು ಹೊಸ್ತಿಲಾಚೆ ಕೂರಿಸಿ, ಸಮತೆಯನ್ನು ಸಮುದ್ರದಾಚೆ ಕಳಿಸಲು ಹೊರಟಿದ್ದೆವು. ಅವನು ಬೈಯಬಹುದಿತ್ತು. ಬೈಯದೆ ಕಣ್ಣು ತೆರೆಸಿದ. ಆ ಉಪಕಾರಕ್ಕೆ ಇವತ್ತಿಗೂ ಕೈಮುಗಿಯುತ್ತೇನೆ.

ತಾಟು ಎತ್ತಿಕೊಂಡು ಹೋಗಿ ಅವನ ಪಕ್ಕ ಕೂತೆ.

ಸಂಘದ ಕಾರ್ಯದರ್ಶಿ ಉಳವಪ್ಪ ನನ್ನ ಸೋದರಮಾವ. ಬಾಗಿಲಿಗೆ ಬಂದು ನಿಂತ. "ಒಳಗ ಬಾ ಕಾಂತಾ. ಇಲ್ಲಂದ್ರ ಟಿಕೀಟು ಬ್ಯಾರೇದವರ ಹೆಸರಿಲೆ ತಗಸ್ತೀನಿ."

ಹೋಗಬೇಕೆಂಬ ಆಸೆ ಎಷ್ಟಿತ್ತೆಂದು ಆಗಲೇ ತಿಳಿಯಿತು. "ತಗಸ್ರಿ ಮಾಮಾ. ಸುಳ್ಳು ಹೇಳಾಕ ಅಷ್ಟು ದೂರ ಯಾಕ ಹೋಗಬೇಕು? ಬೆಳಗಾವ್ಯಾಗ ಕುಂತ ಹೇಳಬಹುದು."

ಅಡುಗೆಯ ಶಿವಬಸವ್ವ ಸಾರಿನ ಪಾತ್ರೆ ಹೊರಗೆ ತಂದಳು. ಮೊದಲು ಅವನಿಗೆ, ಆಮೇಲೆ ನನಗೆ ಬಡಿಸಿದಳು. ಮುಂದಿನ ರವಿವಾರ ನಮ್ಮ ಜೊತೆ ಏಳು ಜನ ಹೊರಗೆ ಕೂತರು. ಅದರ ಮುಂದಿನ ವಾರ ಅರ್ಧ ಸಂಘವೇ ಹೊರಗಿತ್ತು. ಮಾಮಾ ಆಕಾಶ ನೋಡಿದ, ನಮ್ಮನ್ನು ನೋಡಲಿಲ್ಲ. "ಮಳಿ ಬರೂ ಹಂಗೈತಿ. ಎಲ್ಲಾರೂ ಒಳಗ ಬರ್ರಿ. ಕರೆಪ್ಪಾ, ನೀನೂ ಬಾರಪಾ."

ಮಳೆ ಬರಲಿಲ್ಲ. ಅವತ್ತು ಕೈ ತೊಳೆದು ಬಂದು ಕರೆಪ್ಪ ಆ ಸಾಲು ಹೇಳಿಕೊಟ್ಟ. ಒಂದೇ ಸಲಕ್ಕೆ, ಆ ಸೀಟಿಯ ಸ್ವರವನ್ನೂ ತಪ್ಪಿಲ್ಲದೆ ಅಂದುಬಿಟ್ಟೆ. ಅವನು ಹುಬ್ಬೇರಿಸಿದ, ನನ್ನ ಮೂರು ತಿಂಗಳ ಕಳ್ಳತನ ಸಿಕ್ಕಿಬಿದ್ದಿತ್ತು.

ಟಿಕೀಟು ನನ್ನ ಹೆಸರಿಗೇ ಬಂತು. ಹೊರಡುವ ಮೊದಲು ನಂದಗಡಕ್ಕೆ ಹೋದೆ. ಅವನ ತಾಯಿ ಸಾತವ್ವ ಕಂಬಳಿ ಹಾಸಿ ಕೂರಿಸಿ, ಹಾಲು ಹಣ್ಣು ತರಿಸಲೇ ಎಂದು ಕೇಳಿದಳು. ನಮ್ಮವರು ಅವರ ಮನೆಯಲ್ಲಿ ಬೇಯಿಸಿದ್ದು ಮುಟ್ಟುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಕರೆಪ್ಪ ಬಾಗಿಲಲ್ಲಿ ನಿಂತಿದ್ದ. ಅವನನ್ನು ನೋಡುತ್ತಲೇ ಅಂದೆ, "ಹಾಲು ಬ್ಯಾಡ. ಎರಡು ರೊಟ್ಟಿ ಬಡೀರಿ ಅತ್ತಿ. ಎರಡು ವರ್ಷ ಅಲ್ಲಿ ರೊಟ್ಟಿ ಸಿಗಾಂಗಿಲ್ಲ ನನಗ."

ಅತ್ತೆಯೆಂಬ ಆ ಕರೆ ಕೇಳಿ ಸಾತವ್ವ ಮಗನ ಕಡೆ ತಿರುಗಿದಳು. ಅವನು ಕೆಂಪಾಗಿ ನೆಲ ನೋಡುತ್ತಿದ್ದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಒಲೆ ಹಚ್ಚಿದಳು.