ಕೊನೆಯ ಪುಟದ ಇನ್ನೊಂದು ಹಕ್ಕಿ

"ಅಮ್ಮ ಬಂದಳು..." ಎನ್ನುತ್ತ ಕತೆ ಅಕ್ಕ ಕೊನೆಯ ಪುಟ ತಿರುಗಿಸಿದಳು.

"ಅಮ್ಮ ಬಂದಳು!" ಎಂದು ಚಾಪೆಯ ಮೇಲಿದ್ದ ಮಕ್ಕಳೆಲ್ಲ ಒಟ್ಟಿಗೆ ಕೂಗಿದರು.

"ಬರಲಿಲ್ಲ" ಎಂದಿತು ಬಾಗಿಲಲ್ಲಿ ಒಂದು ಗಂಡಸಿನ ದನಿ.

ಶನಿವಾರ ಬೆಳಿಗ್ಗೆ ಗ್ರಂಥಾಲಯದ ಮಕ್ಕಳ ಕೋಣೆಯಲ್ಲಿ ಕತೆಯ ಹೊತ್ತು. ಆ ಹೊತ್ತಿನಲ್ಲಿ ದೊಡ್ಡವರು ಬಾಯಿ ಹಾಕುವಂತಿಲ್ಲ. ಆದರೆ ಈ ಮನುಷ್ಯ ಬೂಟುಗಾಲಿನಲ್ಲೇ ಚಾಪೆ ತುಳಿದುಕೊಂಡು ಬಂದ. ಕತೆ ಅಕ್ಕನ ಕೈಯಿಂದ ಪುಸ್ತಕ ಕಿತ್ತುಕೊಂಡ. ಪುಟದ ಕೆಳಗೆ ಅಚ್ಚಾಗಿದ್ದುದನ್ನು ಔಷಧಿ ಬಾಟಲಿಯ ಮೇಲಿನ ಚೀಟಿ ಓದುವವನಂತೆ ಗಟ್ಟಿಯಾಗಿ ಓದಿದ.

"'ಎಲೆ ಬಂತು, ಹೂವು ಬಂತು. ಅಮ್ಮ ಬರಲಿಲ್ಲ. ಮರಿ ತಾನೇ ಹಾರಿತು.' ಇಲ್ಲಿ ಬರ್ದಿರೋದು ಇದು. ಬರ್ದಿರೋದನ್ನ ಓದೋಕೆ ತಾನೇ ನಿಮಗೆ ಸಂಬಳ ಕೊಡೋದು?"

ಮುಂದಿನ ಸಾಲಿನಲ್ಲಿದ್ದ ಒಂದು ಮಗು ಅಳತೊಡಗಿತು. ಅದನ್ನು ನೋಡಿ ಪಕ್ಕದ್ದೂ ಶುರುಮಾಡಿತು.

ಕತೆ ಅಕ್ಕನ ಕಿವಿ ಬಿಸಿಯಾಯಿತು. ಅವನು ಹೇಳಿದ್ದು ಸುಳ್ಳಲ್ಲ. ಓದುವಾಗ ಅವಳು ಪುಸ್ತಕವನ್ನು ಮಕ್ಕಳ ಕಡೆ ತಿರುಗಿಸಿ ಹೆಗಲ ಪಕ್ಕ ಹಿಡಿಯುತ್ತಿದ್ದಳು. ಮಾತೆಲ್ಲ ಬಾಯಿಪಾಠ. ಎಲ್ಲಾದರೂ ಕಹಿ ಸಾಲು ಬಂದರೆ ಅದರ ಮೇಲೆ ಹೆಬ್ಬೆರಳಿಟ್ಟು, ತನಗೆ ಬೇಕಾದ ಸಿಹಿ ಸಾಲು ಹೇಳಿಬಿಡುತ್ತಿದ್ದಳು. ಈ ಪುಸ್ತಕದ ಕೊನೆಯ ಚಿತ್ರದಲ್ಲಿ ಆಕಾಶದಲ್ಲಿ ಎರಡು ಹಕ್ಕಿ ಇದ್ದವು. ಒಂದು ಮರಿ. ಇನ್ನೊಂದು ಯಾವುದೋ ದಾರಿಹೋಕ ಹಕ್ಕಿ. ಅದನ್ನೇ ಅವಳು ಅಮ್ಮನನ್ನಾಗಿ ಮಾಡಿದ್ದಳು.

"ಚಿಕ್ಕ ಮಕ್ಕಳು ಸರ್... ಅವರಿಗೆ ಅಷ್ಟೆಲ್ಲ ಯಾಕೆ ಅಂತ..."

"ಯಾಕಾ? ನನ್ನ ಮಗಳು ವಾರವಾರ ಇದೇ ಪುಸ್ತಕ ಓದಿಸ್ಕೊಂಡು ಬರ್ತಾಳೆ. ದಿನಾ ಕಿಟಕೀಲಿ ಕೂತು ಮರ ನೋಡ್ತಾಳೆ. ಎಲೆ ಬಂದ್ರೆ ಅಮ್ಮ ಬರ್ತಾಳಂತೆ. ಇವತ್ತು ಚಿಗುರು ಕಾಣಿಸ್ತಿದೆ. ಚಳಿಗಾಲದಲ್ಲಿ ಸತ್ತೋದವಳನ್ನ ನಾನು ಎಲ್ಲಿಂದ ತರ್ಲಿ?"

ಅಂದವನೇ ನಾಲಗೆ ಕಚ್ಚಿಕೊಂಡ.

ಮೂಲೆಯಲ್ಲಿ ಒಬ್ಬ ಪುಟ್ಟ ಹುಡುಗಿ ಎದ್ದು ನಿಂತಿದ್ದಳು. ಮಾತು ಕಡಿಮೆ ಎಂದು ಅಜ್ಜಿ ಗುಮ್ಮಿ ಎಂದು ಕರೆಯುವ ಹುಡುಗಿ. ಅವಳು ಅಪ್ಪನ ಬಾಯನ್ನೇ ನೋಡುತ್ತಿದ್ದಳು. ಅವನು ಮಗಳನ್ನು ಎತ್ತಿಕೊಂಡು ಹೊರಟುಹೋದ.

ಇಂಥವನನ್ನು ಇವಳು ಮುಂದೆ ಪ್ರೀತಿಸುತ್ತಾಳೆ ಎಂದರೆ ನೀವು ನನಗೇ ಬೈಯುತ್ತೀರಿ. ಬೈಯಿರಿ. ನನಗೂ ಆ ಹೊತ್ತಿನಲ್ಲಿ ಅವನಿಗೆ ಎರಡು ಬಿಗಿಯಬೇಕು ಅನ್ನಿಸಿತ್ತು.

ಗ್ರಂಥಾಲಯದ ಮುಖ್ಯಸ್ಥೆ ಕತೆ ಅಕ್ಕನನ್ನು ಕರೆಸಿ ಚೆನ್ನಾಗಿ ಮಂಗಳಾರತಿ ಮಾಡಿದರು. "ವಸಂತಕ್ಕೆ ಬೇರೆ ಪುಸ್ತಕ ಆರಿಸು. ನಗೋ ಪುಸ್ತಕ. ಆ ಹಕ್ಕಿದನ್ನ ರದ್ದಿಗೆ ಹಾಕು."

ಅವಳು ತಲೆಯಾಡಿಸಿ, ಅದನ್ನು ತನ್ನ ಚೀಲಕ್ಕೆ ಹಾಕಿಕೊಂಡಳು.

ಅವಳ ಅಮ್ಮ ಸತ್ತಾಗ ಅವಳಿಗೂ ಗುಮ್ಮಿಯಷ್ಟೇ ವಯಸ್ಸು. ಹೊಸ್ತಿಲ ಹೊರಗೆ ಅಮ್ಮನ ಚಪ್ಪಲಿ ಇತ್ತು. ಸೋದರತ್ತೆ ಅದನ್ನು ಕಾಲಿನಿಂದಲೇ ಸರಿಸಿ, "ಅವಳಿನ್ನು ಬರಲ್ಲ, ಒಳಗೆ ಎತ್ತಿಡು" ಎಂದಿದ್ದಳು. ಸಾವಿನ ಸುದ್ದಿ ತಲುಪಿದ್ದೇ ಹಾಗೆ. ಅಂದಿನಿಂದ ಅವಳಿಗೆ ನಿಜ ಎಂದರೆ ಆ ಕಾಲೇ ನೆನಪಾಗುತ್ತಿತ್ತು.

ಮುಂದಿನ ಶನಿವಾರ ಗುಮ್ಮಿಯನ್ನು ಅಜ್ಜಿ ಕರೆತಂದರು. ಹುಡುಗಿ ಎಲ್ಲರಿಗೂ ಬೆನ್ನು ಹಾಕಿ ಗೋಡೆ ನೋಡುತ್ತ ಕೂತಳು.

"ಅವತ್ತಿಂದ ತುಟಿ ಬಿಚ್ಚಿಲ್ಲ ಕಣಮ್ಮ" ಎಂದರು ಅಜ್ಜಿ. "ಮೊದಲೇ ಗುಮ್ಮನಗುಸಕಿ. ಈಗ ಪೂರ್ತಿ ಕಲ್ಲು."

"ತಪ್ಪು ನಂದೇ ಅಜ್ಜಿ. ನಾನು ಕತೆ ತಿರುಚಬಾರದಿತ್ತು."

"ನಿಂದೆಂಥದ್ದು ಬಿಡು. ಆಸ್ಪತ್ರೆಯಿಂದ ಬಂದ ದಿನ 'ಅಮ್ಮ ಊರಿಗೆ ಹೋಗಿದಾಳೆ, ಚಳಿ ಮುಗಿದ ಮೇಲೆ ಬರ್ತಾಳೆ' ಅಂತ ಅಂದೋನು ನನ್ನ ಮಗನೇ. ನಮ್ಮೆಲ್ಲರ ಬಾಯಿಗೂ ಬೀಗ ಹಾಕಿದ. ಅವನ ಸುಳ್ಳಿಗೆ ನಿನ್ನ ಪುಸ್ತಕ ಸಾಕ್ಷಿ ಹೇಳ್ತು, ಅಷ್ಟೇ."

ಕತೆ ಅಕ್ಕನ ಮೈಯೆಲ್ಲ ಉರಿಯಿತು. ಅಂದರೆ... ಅಷ್ಟು ಜನರ ಮುಂದೆ ನನ್ನನ್ನು ಸುಳ್ಳಿ ಮಾಡಿದವನೇ ದೊಡ್ಡ ಸುಳ್ಳ!

ಅವನದು ಪೇಟೆಯಲ್ಲಿ ಕನ್ನಡಕದ ಅಂಗಡಿ. ಅವಳು ಹೋದಾಗ ಅವನೊಬ್ಬನೇ ಇದ್ದ. ಗೋಡೆಯ ತುಂಬ ಖಾಲಿ ಕನ್ನಡಕಗಳು.

"ನಿಮ್ಮ ಹೊಟ್ಟೇಲಿದ್ದ ಸುಳ್ಳನ್ನ ನನ್ನ ತಲೆಗೆ ಕಟ್ಟಿದ್ರಿ" ಎಂದಳು ಅವಳು, ಕೂರದೆಯೇ. "ಆ ಮಗು ಅಮ್ಮ ಸತ್ತಿದ್ದನ್ನ ಎಲ್ಲಿ ಕೇಳ್ತು ಗೊತ್ತಾ? ಅಳೋ ಮಕ್ಕಳ ಮಧ್ಯೆ, ನೀವು ಯಾರಿಗೋ ಬೈಯೋವಾಗ. ಹೆತ್ತ ಮಗಳಿಗೆ ಆ ಸುದ್ದಿ ಬೈಗುಳದಲ್ಲಿ ಕೊಟ್ರಲ್ಲ, ನೀವೆಂಥ ಅಪ್ಪ?"

ಮಾತಾಡುವ ರಭಸಕ್ಕೆ ಅವಳ ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಅವನು ಕೈ ಚಾಚಿ ಅದನ್ನು ಮೆಲ್ಲಗೆ ತೆಗೆದುಕೊಂಡ. ಚಿಕ್ಕ ತಿರುಪುಳಿಯಿಂದ ಕಡ್ಡಿಯ ಸ್ಕ್ರೂ ಬಿಗಿ ಮಾಡತೊಡಗಿದ. ಕನ್ನಡಕವಿಲ್ಲದೆ ಅವಳಿಗೆ ಅವನ ಮುಖ ಮಸುಕುಮಸುಕು. ಬಹುಶಃ ಅವನಿಗೆ ಬೇಕಾಗಿದ್ದದ್ದೂ ಅದೇ.

"ಯಾರ ಮೇಲಾದ್ರೂ ಹಾಕ್ಬೇಕಿತ್ತು..." ಎಂದ, ಸ್ಕ್ರೂ ಮೇಲೆಯೇ ಕಣ್ಣಿಟ್ಟು. "ನೀವು ಸಿಕ್ಕಿದ್ರಿ."

"ಕ್ಷಮಿಸಿ ಅನ್ನೋಕೆ ಏನು ಕಷ್ಟ?"

"ಅದನ್ನ ಹೇಳೋ ಯೋಗ್ಯತೆ ಇಲ್ಲ ಅಂತ ಹೇಳ್ಲಿಲ್ಲ." ಕನ್ನಡಕ ವಾಪಸು ಕೊಟ್ಟ. "ಮಗಳಿಗೆ ನೀವೇ ಸರಿಯಾಗಿ ಹೇಳಿ ಮೇಡಂ. ನಿಮಗೆ ಮಕ್ಕಳ ಹತ್ರ ಮಾತಾಡೋಕೆ ಬರುತ್ತೆ."

"ಇಲ್ಲ. ಅದು ನಿಮ್ಮ ಬಾಯಿಂದಾನೇ ಬರ್ಬೇಕು" ಎಂದವಳು ಬಾಗಿಲವರೆಗೂ ಹೋಗಿ ತಿರುಗಿದಳು. "ಹೇಳೋಕೆ ಸಹಾಯ ಆಗೋ ಒಂದು ಪುಸ್ತಕ ಬೇಕಿದ್ರೆ ಆರಿಸಿ ಕೊಡ್ತೀನಿ."

ಮಧ್ಯಾಹ್ನ ಅಂಗಡಿಗೆ ಬಾಗಿಲು ಹಾಕಿ ಅವನು ಮಕ್ಕಳ ಕೋಣೆಗೆ ಬರತೊಡಗಿದ. ಗೇಣುದ್ದದ ಕುರ್ಚಿಯಲ್ಲಿ ಮಂಡಿ ಗಲ್ಲಕ್ಕೆ ತಾಗುವಂತೆ ಕೂರುತ್ತಿದ್ದ. ಅವಳು ವಸಂತದ ಚಿತ್ರಪುಸ್ತಕಗಳನ್ನು ಒಂದೊಂದಾಗಿ ಮುಂದಿಡುತ್ತಿದ್ದಳು.

ಚಳಿಗಾಲವಿಡೀ ಗುಹೆಯಲ್ಲಿ ಮಲಗಿದ್ದ ಕರಡಿ ಬಿಸಿಲು ಬಂದಾಗ ಆಕಳಿಸಿ ಏಳುತ್ತದೆ.

"ಬೇಡ. ಅವಳಮ್ಮ ಕಣ್ಣು ಮುಚ್ಚಿ ಮಲಗಿದ್ದನ್ನ ಅವಳು ಆಸ್ಪತ್ರೇಲಿ ಬಾಗಿಲ ಸಂದಿಯಿಂದ ನೋಡಿದಾಳೆ."

ಗೂಡಿನಲ್ಲಿ ಅಡಗಿದ ಹುಳು ಚಿಟ್ಟೆಯಾಗಿ ಹೊರಬರುತ್ತದೆ.

"ಇದೂ ಅದೇ ಆಯ್ತಲ್ಲ."

ಹಿಮದ ಕೆಳಗೆ ಹೂತುಹೋದ ಬೀಜ ಮೊಳಕೆಯೊಡೆದು ಹೂವಾಗುತ್ತದೆ. ಚಿತ್ರ ತುಂಬ ಚೆಂದ. ಅವನು ಬಹಳ ಹೊತ್ತು ನೋಡಿದ.

"ಇದನ್ನ ಓದಿದ್ರೆ ಅವಳು ಮಣ್ಣಿಗೆ ನೀರು ಹಾಕೋಕೆ ಹೋಗ್ತಾಳೆ" ಎಂದ. "ಎಲ್ಲಿ ಅಂತ ಕೇಳ್ಬೇಡಿ."

ಇಷ್ಟು ವರ್ಷ ಈ ಪುಸ್ತಕಗಳನ್ನು ಕಣ್ಣಿಗೊತ್ತಿಕೊಂಡು ಓದಿದವಳಿಗೆ ಅವತ್ತು ಹೊಳೆಯಿತು. ವಸಂತದ ಕತೆಗಳೆಲ್ಲ ಒಂದೇ ಮಾತು ಹೇಳುತ್ತವೆ, ಹೋದದ್ದು ತಿರುಗಿ ಬರುತ್ತದೆ ಎಂದು. ಅಮ್ಮನಿರುವ ಮಕ್ಕಳಿಗೆ ಅದು ಹಿತ. ಇಲ್ಲದ ಮಗುವಿಗೆ ಒಂದೊಂದು ಪುಟವೂ ಹಿಂಸೆ.

ಮೊಂಡ, ಒರಟ, ಕಂಡದ್ದಕ್ಕೆಲ್ಲ ಕೊಂಕು ತೆಗೆಯುವ ಮನುಷ್ಯ. ಆದರೂ ಮಗಳ ಕಣ್ಣಿನಿಂದ ಪ್ರತಿ ಚಿತ್ರವನ್ನೂ ನೋಡುತ್ತಿದ್ದಾನಲ್ಲ... ಅವಳ ಎದೆಯಲ್ಲಿ ಏನೋ ಕದಲಿತು. ಥೂ, ಇದೇನು ನನಗೆ, ಎಂದು ತನ್ನನ್ನೇ ಬೈದುಕೊಂಡಳು.

ಕೊನೆಗೆ ಚೀಲದಿಂದ ಆ ಹಕ್ಕಿಯ ಪುಸ್ತಕ ತೆಗೆದು ಅವನ ಮುಂದಿಟ್ಟಳು.

"ಇಷ್ಟು ಪುಸ್ತಕದಲ್ಲಿ ನಿಜ ಹೇಳೋದು ಇದೊಂದೇ."

ಭಾನುವಾರ, ಅವನು ಮಗಳಿಗೆ ಓದುವಾಗ ಜೊತೆಗಿರಲೆಂದು, ಅವಳು ಅವರ ಮನೆಗೆ ಹೋದಳು. ಬಾಗಿಲ ಪಕ್ಕ ಹೆಂಗಸಿನ ಒಂದು ಜೊತೆ ಚಪ್ಪಲಿ, ಧೂಳು ಹಿಡಿದು ಕೂತಿತ್ತು. ಯಾರದು ಎಂದು ಕೇಳುವ ಅಗತ್ಯ ಬೀಳಲಿಲ್ಲ. ತನ್ನದನ್ನು ಮೆಟ್ಟಿಲ ಕೆಳಗೇ ಬಿಟ್ಟು ಬಂದಳು.

ಗುಮ್ಮಿ ಕಿಟಕಿಯ ಬಳಿ ಇದ್ದಳು. ಹೊರಗಿನ ಮರದ ತುಂಬ ಎಳೆ ಎಲೆ. ಅವನು ಮಗಳ ಪಕ್ಕ ಕೂತು ಓದತೊಡಗಿದ, ತಡವರಿಸುತ್ತ, ಬೆವರುತ್ತ. ಕೊನೆಯ ಪುಟ ಬಂತು.

"ಎಲೆ ಬಂತು, ಹೂವು ಬಂತು..."

ನಿಂತ. ಕತೆ ಅಕ್ಕ ನೋಡಿದಳು. ಅವನ ಹೆಬ್ಬೆರಳು ತಾನಾಗಿಯೇ ಜಾರಿ ಆ ಸಾಲಿನ ಮೇಲೆ ಕೂತಿತ್ತು. ಈಗ ಇವನು ಹೇಳಿಬಿಡುತ್ತಾನೆ, ಅಮ್ಮ ಬಂದಳು ಎಂದು. ಮುಂದಿನ ವಸಂತದವರೆಗೆ ಮಗು ಮತ್ತೆ ಕಾಯುತ್ತದೆ.

ಅವಳು ಕೈ ಚಾಚಿ ಅವನ ಹೆಬ್ಬೆರಳನ್ನು ಸರಿಸಿದಳು. ಅದಕ್ಕಿಂತ ಕ್ರೂರವಾದ ಕೆಲಸವನ್ನು ಅವಳು ಜನ್ಮದಲ್ಲಿ ಮಾಡಿರಲಿಲ್ಲ.

"ಅಮ್ಮ... ಬರಲಿಲ್ಲ" ಎಂದು ಓದಿದ. "ನಿನ್ನಮ್ಮನೂ ಬರಲ್ಲ ಪುಟ್ಟಾ. ಅವಳು ಸತ್ತುಹೋದಳು. ಊರಿಗೆ ಹೋಗಿದಾಳೆ ಅಂತ ನಾನೇ ಸುಳ್ಳು ಹೇಳ್ದೆ."

ಗುಮ್ಮಿ ಚಿತ್ರವನ್ನೇ ನೋಡಿದಳು. ಎರಡನೇ ಹಕ್ಕಿಯ ಮೇಲೆ ಬೆರಳಿಟ್ಟಳು.

"ಹಾಗಾದ್ರೆ ಇದ್ಯಾರು?"

ಇಷ್ಟು ದಿನದ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು. ಕೇಳಿದ್ದು ಅಪ್ಪನನ್ನಲ್ಲ.

"ಅದು... ಬೇರೆ ಹಕ್ಕಿ" ಎಂದಳು ಕತೆ ಅಕ್ಕ.

"ಅಮ್ಮ ಅಂದಿದ್ದೆ ನೀನು."

"ಸುಳ್ಳು ಹೇಳಿದ್ದೆ."

"ನೀನು ಕೆಟ್ಟೋಳು."

"ಹೂಂ."

ಪುಟ್ಟ ಕೈ ಬೀಸಿ ಬಂತು. ಕನ್ನಡಕ ಹಾರಿ ನೆಲಕ್ಕೆ ಬಿತ್ತು. ಆಮೇಲೆ ಹುಡುಗಿ ಅತ್ತಳು. ಅಡುಗೆಮನೆಯಲ್ಲಿದ್ದ ಅಜ್ಜಿಯೂ ಅತ್ತರು. ಅವನು ಮಗಳನ್ನು ತಬ್ಬಿಕೊಂಡು ಅತ್ತ. ಕತೆ ಅಕ್ಕನನ್ನು ತಬ್ಬಿಕೊಳ್ಳುವವರು ಅಲ್ಲಿ ಯಾರೂ ಇರಲಿಲ್ಲ. ಅವಳು ನೆಲ ತಡಕಾಡಿ ಕನ್ನಡಕ ಹುಡುಕಿಕೊಂಡು ಸುಮ್ಮನೆ ಹೊರಗೆ ಬಂದಳು.

ಆದರೂ ಮುಂದಿನ ಭಾನುವಾರ ಹೋದಳು. ಅದರ ಮುಂದಿನದೂ. ಗುಮ್ಮಿ ಆಮೇಲೆ ಅವಳನ್ನು ಕತೆ ಅಕ್ಕ ಎಂದು ಕರೆಯಲಿಲ್ಲ. "ಅಪ್ಪಾ, ಬೇರೆ ಹಕ್ಕಿ ಬಂತು" ಎಂದು ಒಳಗೆ ಕೂಗಿ ಹೇಳುತ್ತಿದ್ದಳು. ಪ್ರತಿ ಸಲವೂ ಅವಳಿಗೆ ಮುಳ್ಳು ಚುಚ್ಚಿದಂತಾಗುತ್ತಿತ್ತು. ಪ್ರತಿ ಸಲವೂ ನಕ್ಕು ಒಳಗೆ ಹೋಗುತ್ತಿದ್ದಳು.

ಕಿಟಕಿಯಾಚೆಯ ಮರ ಎಲೆ ಉದುರಿಸಿ ಬೋಳಾಯಿತು. ಮತ್ತೆ ಚಿಗುರಿತು. ಒಂದು ಸಂಜೆ ಅವಳು ಹೊರಟು ನಿಂತಾಗ ಅವನು ಬಾಗಿಲವರೆಗೆ ಬಂದ.

"ಒಂದು ಮಾತು" ಎಂದ. "ಆಗ ಕೋಪಕ್ಕೆ ನಿಮ್ಮನ್ನ ನೆನೆಸ್ಕೋತಿದ್ದೆ. ಕೋಪ ಹೋಗಿ ಎಷ್ಟೋ ದಿನ ಆಯ್ತು. ನೆನಪು ಮಾತ್ರ ಹೋಗ್ಲಿಲ್ಲ... ನಮ್ಮ ಜೊತೆ ಇದ್ದುಬಿಡ್ತೀರಾ? ಯಾವಾಗ್ಲೂ?"

ಅವಳ ಕಣ್ಣು ತುಂಬಿತು. "ನೀವಂದ್ರೆ ನನಗೂ ಇಷ್ಟ. ಆದ್ರೆ ಯಾವಾಗ್ಲೂ ಅನ್ನೋ ಮಾತು ಬೇಡ. ಅದು ಹೆಬ್ಬೆರಳು ಅಡ್ಡ ಇಟ್ಟು ಹೇಳೋ ಮಾತು."

"ಮತ್ತೇನು ಹೇಳ್ಲಿ?"

"ನಾಳೆ ಬಾ ಅನ್ನಿ. ಬರ್ತೀನಿ."

"ನಾಳೆ ಬಾ" ಎಂದ ಅವನು. ಮೊದಲ ಸಲ ಏಕವಚನ.

ಗುಮ್ಮಿ ಇಬ್ಬರ ನಡುವೆ ತೂರಿಕೊಂಡು ಹೊರಗೆ ಬಂದಳು. ಅಮ್ಮನ ಚಪ್ಪಲಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಫ್ರಾಕಿನ ಅಂಚಿನಿಂದ ಧೂಳು ಒರೆಸಿ ಒಳಗಿಟ್ಟು ಬಂದಳು. ಯಾರೂ ಅವಳಿಗೆ ಹಾಗೆ ಮಾಡೆಂದು ಹೇಳಿರಲಿಲ್ಲ.

"ಬೇರೆ ಹಕ್ಕಿ" ಎಂದಳು. "ನಾಳೆ ಬಂದ್ರೆ ನಿನ್ನ ಚಪ್ಪಲಿ ಇಲ್ಲಿ ಬಿಡು. ಆದ್ರೆ ಇದು ಅಮ್ಮನ ಜಾಗ. ಗೊತ್ತಾಯ್ತಾ?"

"ಗೊತ್ತಾಯ್ತು."

"ಮರೀಬಾರ್ದು."

"ಮರೆಯಲ್ಲ" ಎಂದಳು ಕತೆ ಅಕ್ಕ. ಮೆಟ್ಟಿಲಿಳಿದು, ಕೆಳಗೆ ಬಿಟ್ಟಿದ್ದ ತನ್ನ ಚಪ್ಪಲಿ ಹುಡುಕಿಕೊಂಡಳು.