ಕೊನೆಯ ಸಾಲಿನ ಬುಧವಾರಗಳು

ಊರಿನ ಆರ್ಕೆಸ್ಟ್ರಾ ಅಭ್ಯಾಸ ಮಾಡುವ ಗ್ರಂಥಾಲಯದ ಮೇಲ್ಮಹಡಿಯಲ್ಲಿ, ನೋಟಿಸ್ ಬೋರ್ಡಿನ ಮುಂದೆ ಜನ ಗುಂಪುಗೂಡಿದ್ದರು. ಯಾರದೋ ಕೊಡೆ ಕಳೆದಿರಬೇಕು ಎಂದುಕೊಂಡು ಅವಳು ಪಕ್ಕದಲ್ಲೇ ದಾಟಿ ಹೊರಟಿದ್ದಳು. ಟ್ರಂಪೆಟ್ ಊದುವ ಅಗ್ನಿಶಾಮಕ ದಳದವರೊಬ್ಬರು ಅಡ್ಡ ನಿಂತರು.

"ಏನು ಸೂಜಿ, ಕಂಡೂ ಕಾಣದ ಹಾಗೆ ಹೋಗ್ತೀಯಲ್ಲ! ಬಾ ಇಲ್ಲಿ, ನಿನ್ನ ತಲೆಗೆ ಕಿರೀಟ ಇಟ್ಟಿದ್ದಾರೆ."

ಹರಿದ ಕೋಟು, ಸಡಿಲವಾದ ಪ್ಯಾಂಟು, ಜಿಪ್ಪು ಕೆಟ್ಟ ಬ್ಯಾಗು, ಎಲ್ಲವನ್ನೂ ರಿಪೇರಿ ಮಾಡುವ ಹೊಲಿಗೆ ಅಂಗಡಿ ಅವಳದು. ಆರ್ಕೆಸ್ಟ್ರಾದಲ್ಲಿ ಅರ್ಧ ಜನರ ಗುಂಡಿಗಳು ನಿಂತಿದ್ದೇ ಅವಳ ಕೈಯಿಂದ. ಹಾಗಾಗಿ ಸೂಜಿ ಎಂಬ ಹೆಸರು.

ಬೋರ್ಡಿನ ಮೇಲೆ ಈ ಸೀಸನ್ನಿನ ನಾಲ್ಕು ಕಾರ್ಯಕ್ರಮಗಳು, ನಾಲ್ವರು ಸೋಲೊ ಕಲಾವಿದರು. ಮೊದಲನೆಯದಕ್ಕೆ ಫ್ಲೂಟಿನ ಪಶುವೈದ್ಯೆ. ಎರಡನೆಯದಕ್ಕೆ ಈ ಅಗ್ನಿಶಾಮಕದವರೇ. ಮೂರನೆಯದಕ್ಕೆ ಹೊರಗಿನಿಂದ ಬರುವ ಚೆಲ್ಲೊ ಪ್ರೊಫೆಸರು. ನಾಲ್ಕನೆಯದರ ಮುಂದೆ, ವಯೊಲಿನ್ ಎಂದು ಬರೆದು, ಅವಳ ಹೆಸರು.

ಅವಳು ಎರಡು ಸಲ ಓದಿದಳು. ಮೂರನೇ ಸಲ ಓದುವ ಹೊತ್ತಿಗೆ ಖುಷಿಯ ಹಿಂದೆಯೇ ಇನ್ನೊಂದು ವಿಚಾರ ಹೊಳೆಯಿತು. ಕೊನೆಯ ಕಾರ್ಯಕ್ರಮದಲ್ಲಿ ಸೋಲೊ ನುಡಿಸಿದವರು ಮುಂದಿನ ವರ್ಷದಿಂದ ಮೊದಲ ಸಾಲಿನಲ್ಲಿ ಕೂರಬೇಕು. ಅದು ಇಲ್ಲಿನ ಪದ್ಧತಿ. ಅಂದರೆ ಕೊನೆಯ ಸಾಲು ಬಿಡಬೇಕು. ಕೊನೆಯ ಸಾಲಿನಲ್ಲಿ ಅವನಿದ್ದ.

ಅವನು ಲಿಫ್ಟ್ ಮೆಕ್ಯಾನಿಕ್. ಎಲ್ಲರ ಬಾಯಲ್ಲಿ ಬರೀ "ಲಿಫ್ಟು". ವಯೊಲಿನ್‌ನವರಲ್ಲಿ ಇಬ್ಬರಿಗೆ ಒಂದು ಸ್ಟ್ಯಾಂಡ್, ಒಂದೇ ಪುಸ್ತಕ. ಪುಟದ ಕೊನೆ ಬಂದಾಗ ಒಬ್ಬರು ನುಡಿಸುವುದನ್ನು ನಿಲ್ಲಿಸಿ ತಿರುವಬೇಕು, ಇನ್ನೊಬ್ಬರು ನುಡಿಸುತ್ತಲೇ ಇರಬೇಕು. ಆರು ವರ್ಷಗಳಿಂದ ತಿರುವುವವನು ಅವನು. ಅವಳು ಸಣ್ಣಗೆ ತಲೆ ಬಾಗಿಸುತ್ತಾಳೆ, ಪುಟ ತಿರುಗುತ್ತದೆ. ಅವಳಿಗೆ ಸಾಲು ತಪ್ಪಿದರೆ ಮುಖ ಅಲ್ಲಾಡಿಸದೆ ಪಿಸುಗುಡುತ್ತಾನೆ: "ನಲವತ್ತೆರಡನೇ ಮಹಡಿ." ಪುಸ್ತಕದಲ್ಲಿ ತಾಳದ ಪ್ರತಿ ಕಟ್ಟಿಗೂ ಒಂದು ಸಂಖ್ಯೆಯಿದೆ, ಅದಕ್ಕೆ ಅವನು ಇಟ್ಟ ಹೆಸರು ಮಹಡಿ. ಪ್ರತಿ ಬುಧವಾರ ಸಂಜೆ ಆರರಿಂದ ಎಂಟು. ಇಷ್ಟೇ ಅವರ ಪರಿಚಯ. ಆದರೆ ಅವನ ಎಡಗೈ ಹೆಬ್ಬೆರಳಿನ ಗಾಯದ ಗುರುತು, ಎಷ್ಟು ತೊಳೆದರೂ ಉಗುರಿನಂಚಿನಲ್ಲಿ ಉಳಿಯುವ ಗ್ರೀಸಿನ ಕಪ್ಪು ಗೆರೆ, ಪುಟ ತಿರುವುವಾಗ ಅವಳ ತೋಳಿಗೆ ತಾಕದಂತೆ ಅವನು ಹಿಡಿಯುವ ಉಸಿರು, ಇವೆಲ್ಲ ಅವಳಿಗೆ ಕಣ್ಣು ಮುಚ್ಚಿದರೂ ಕಾಣುತ್ತಿದ್ದವು.

ಅವಳು ಬಂದು ಕೂತಳು. ಅವನು ವಯೊಲಿನ್ನಿನ ಕಮಾನಿಗೆ ರಾಳ ತಿಕ್ಕುತ್ತಿದ್ದ.

"ನೋಡಿದ್ರಾ ಬೋರ್ಡು?" ಎಂದಳು.

"ನೋಡಿದೆ. ಒಳ್ಳೇದಾಯ್ತು."

"ಅಷ್ಟೇನಾ?"

"ತುಂಬಾ ಒಳ್ಳೇದಾಯ್ತು," ಎಂದು ಅವನು ಪುಸ್ತಕ ಬಿಡಿಸಿದ.

ಅವತ್ತು ಅವಳಿಗೆ ಮಹಡಿ ಎಷ್ಟು ಸಲ ತಪ್ಪಿತೋ ಲೆಕ್ಕವಿಲ್ಲ.

ಹೊರಡುವಾಗ, ಎದುರು ನಿಂತು ಆರ್ಕೆಸ್ಟ್ರಾ ನಡೆಸುವ ಟೀಚರಮ್ಮ ಕರೆದರು. ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವರು. ಈಗಲೂ ತಾಳ ತಪ್ಪಿದವರನ್ನು ಎದ್ದು ನಿಲ್ಲಿಸುವ ಅಭ್ಯಾಸ ಹೋಗಿಲ್ಲ. "ನನ್ನ ಕಣ್ಣಿಗೆ ನೀನು ಬಿದ್ದಿರಲಿಲ್ಲ ಕಣಮ್ಮ. ನಿನ್ನ ಪಕ್ಕದವನು ಮೂರು ಸಲ ಬಂದು ಹೇಳಿದ. 'ಅವರನ್ನ ಮುಂದೆ ನಿಲ್ಲಿಸಿ, ಹಿಂದೆ ಕೂತು ಹಾಳಾಗ್ತಿದ್ದಾರೆ' ಅಂತ."

ಮನೆಗೆ ಬಂದವಳೇ ಬ್ಯಾಗನ್ನು ಸೋಫಾಕ್ಕೆ ಎಸೆದಳು. ಅಕ್ಕ ಒಗೆದ ಬಟ್ಟೆ ಮಡಚುತ್ತಿದ್ದಳು.

"ನನ್ನನ್ನ ಸಾಗಹಾಕೋಕೆ ಶಿಫಾರಸು ಮಾಡಿದ್ದಾನೆ ಅಕ್ಕ! ಮೂರು ಸಲ!"

"ಯಾರು? ನಿನ್ನ ಪುಟ ತಿರುವೋನಾ?"

"ನನ್ನ ಏನೂ ಅಲ್ಲ ಅವನು."

"ಹೌದಾ? ಗುರುವಾರ ಪೂರ್ತಿ ಅವನ ಜೋಕು ಹೇಳಿಹೇಳಿ ನನ್ನ ಕಿವಿ ತೂತಾಗಿದೆಯಲ್ಲ, ಅದು ಯಾರದು?" ಅಕ್ಕ ಒಂದು ಕಾಲುಚೀಲಕ್ಕೆ ಅದರ ಜೋಡಿ ಹುಡುಕುತ್ತ, "ಬೇಡ ಅನ್ನಿಸಿದವರನ್ನ ಜನ ಮೂಲೆಗೆ ತಳ್ಳುತ್ತಾರೆ ಕಣೇ. ಸ್ಟೇಜಿನ ಮಧ್ಯಕ್ಕೆ ಯಾರಾದರೂ ತಳ್ಳುತ್ತಾರಾ?" ಎಂದಳು.

ಅವಳು ಜೋಡಿ ಕಾಲುಚೀಲ ಎತ್ತಿಕೊಟ್ಟು ಒಳಗೆ ಹೋದಳು.

ಚಳಿ ಕಳೆಯಿತು. ಪಶುವೈದ್ಯೆಯ ಫ್ಲೂಟಿಗೆ ಮಕ್ಕಳು ಚಪ್ಪಾಳೆ ತಟ್ಟಿದರು. ಅಗ್ನಿಶಾಮಕದವರು ಟ್ರಂಪೆಟ್ ನುಡಿಸುವಾಗಲೇ ಠಾಣೆಯಿಂದ ಫೋನ್ ಬಂದು, ಕೊನೆಯ ಸ್ವರವನ್ನು ಬಾಗಿಲ ಬಳಿ ನಿಂತೇ ಊದಿ ಓಡಿದರು. ಚೆಲ್ಲೊ ಪ್ರೊಫೆಸರು ತುಂಬ ಚೆನ್ನಾಗಿ ನುಡಿಸಿದರು, ಯಾರ ಜೊತೆಗೂ ಮಾತಾಡಲಿಲ್ಲ. ಒಂದೊಂದು ಕಾರ್ಯಕ್ರಮ ಮುಗಿದಾಗಲೂ ಅವಳು ಮನಸ್ಸಿನಲ್ಲೇ ಉಳಿದ ಬುಧವಾರಗಳನ್ನು ಎಣಿಸುತ್ತಿದ್ದಳು. ಹನ್ನೊಂದು. ಏಳು. ಮೂರು.

ಅವನು ಮಾತ್ರ ಹಾಗೇ ಇದ್ದ. ಪುಟ ತಿರುವಿದ. ಮಹಡಿ ಹೇಳಿದ. "ಮನೆಯಲ್ಲಿ ಪ್ರಾಕ್ಟೀಸ್ ಆಗ್ತಿದೆಯಾ?" ಎಂದು ಮೇಷ್ಟರ ಥರ ಕೇಳಿದ. ಒಂದು ಸಲ ಅವಳೇ ಬಾಯಿ ಬಿಟ್ಟಳು.

"ಮುಂದಿನ ವರ್ಷ ನಿಮ್ಮ ಪಕ್ಕ ಯಾರು ಕೂರ್ತಾರೆ?"

"ಕಾಲೇಜು ಹುಡುಗಿ ಒಬ್ಬಳು ಬರ್ತಾಳಂತೆ."

"ಅವಳಿಗೂ ಮಹಡಿ ಹೇಳ್ತೀರಾ?"

ಅವನು ಪೆನ್ಸಿಲಿನ ತುದಿ ನೋಡುತ್ತ ಕೂತ. "ಈಗಿನ ಮಕ್ಕಳು ದಾರಿ ತಪ್ಪಲ್ಲ," ಎಂದ. ಅವಳಿಗೆ ನಗು ಬಂತು. ನಗು ಬಂದದ್ದಕ್ಕೆ ಸಿಟ್ಟೂ ಬಂತು.

ಸೋಲೊದ ಮೊದಲ ರಿಹರ್ಸಲ್. ಅವಳು ಟೀಚರಮ್ಮನ ಪಕ್ಕದಲ್ಲಿ ನಿಂತಳು. ಎದುರಿಗೆ ಸ್ಟ್ಯಾಂಡ್ ಇಲ್ಲ, ಪುಸ್ತಕವಿಲ್ಲ. ಇಡೀ ರಚನೆ ಅವಳಿಗೆ ಬಾಯಿಪಾಠ. ಹಿಂದೆ ಕೊನೆಯ ಸಾಲಿನಲ್ಲಿ ಅವನು, ಪಕ್ಕದ ಖಾಲಿ ಜಾಗಕ್ಕೆ ಈಗಲೇ ಬಂದು ಕೂತ ಆ ಕಾಲೇಜು ಹುಡುಗಿ.

ನಡುವಿನ ನಿಧಾನದ ಭಾಗ ಬಂತು. ಹಿಂದಿನವರೆಲ್ಲ ಉದ್ದುದ್ದ ಸ್ವರ ಹಿಡಿದಿದ್ದರು. ಅವಳ ವಯೊಲಿನ್ ಒಂಟಿಯಾಗಿ ಮೇಲೆ ಹೋಗಿ, ನಿಂತು, ಮತ್ತೆ ಇಳಿಯುವ ಜಾಗ. ಇಳಿಯುವ ಮುನ್ನ ಅವಳು ಉಸಿರೆಳೆದು ತಲೆ ಬಾಗಿಸಿದಳು.

ಹಿಂದಿನಿಂದ ಸರ್ರೆಂದು ಪುಟ ತಿರುಗಿದ ಸದ್ದು. ಮರುಕ್ಷಣ ಕೊನೆಯ ಸಾಲಿನಿಂದ ಕುದುರೆ ಓಡಿದಂಥ ಸಂಗೀತ ಶುರುವಾಯಿತು. ಅದು ಮುಂದಿನ ಪುಟದ ವೇಗದ ಭಾಗ. ಹುಡುಗಿ ಪುಟವನ್ನೇ ನಂಬಿ ಎರಡು ಸಾಲು ಜೋರಾಗಿ ನುಡಿಸಿಯೇಬಿಟ್ಟಳು. ಟೀಚರಮ್ಮ ಕೋಲಿನಿಂದ ಸ್ಟ್ಯಾಂಡಿಗೆ ಬಡಿದರು.

"ಕೊನೇ ಸಾಲು! ಏನು ಬೆಂಕಿ ಬಿತ್ತಾ?"

"ಬಿದ್ದಿದ್ದರೆ ನಾನು ಇಲ್ಲಿರ್ತಿದ್ನಾ?" ಎಂದರು ಅಗ್ನಿಶಾಮಕದವರು. ಇಡೀ ಹಾಲ್ ನಕ್ಕಿತು.

ಅವನು ಎದ್ದು ನಿಂತಿದ್ದ. ಕಿವಿಯವರೆಗೂ ಕೆಂಪು. "ತಪ್ಪು ನಂದು. ಅವರು ತಲೆ ಬಾಗಿಸಿದ್ರು. ನಾನು ತಿರುವಿದೆ."

"ಅವಳ ಎದುರು ಪುಟವೇ ಇಲ್ಲವಲ್ಲೋ!"

"ನನಗೆ ಗೊತ್ತು ಮೇಡಂ," ಎಂದ ಅವನು ಮೆಲ್ಲಗೆ. "ಕೈಗೆ ಗೊತ್ತಾಗಲಿಲ್ಲ."

ಯಾರೋ ಸಿಳ್ಳೆ ಹಾಕಿದರು. ಅವಳು ವಯೊಲಿನ್ನಿನ ತಂತಿ ಸರಿಮಾಡುವ ನೆಪದಲ್ಲಿ ಮುಖ ತಿರುಗಿಸಿಕೊಂಡಳು. ಅಲ್ಲಿ ಸರಿಮಾಡುವಂಥದ್ದು ಏನೂ ಇರಲಿಲ್ಲ.

ಟೀಚರಮ್ಮ ಕಡ್ಡಿ ಮುರಿದ ಹಾಗೆ ಹೇಳಿದರು: "ನೀನು ತಲೆ ಆಡಿಸಬೇಡ. ಲಿಫ್ಟು, ನೀನು ಅವಳ ಕಡೆ ನೋಡಬೇಡ. ಮತ್ತೆ ಮೊದಲಿಂದ."

ಅವಳು ಕುತ್ತಿಗೆ ಬಿಗಿಹಿಡಿದು ನುಡಿಸಿದಳು. ಸ್ವರಗಳೆಲ್ಲ ಸರಿಯಾಗಿಯೇ ಇದ್ದವು. ಆದರೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಬಿರುಸು. ಉಸಿರೇ ಇರಲಿಲ್ಲ. ಇನ್ನೊಂದು ಸಲ, ಮತ್ತೊಂದು ಸಲ. ಟೀಚರಮ್ಮ ಏನೂ ಹೇಳದೆ ಪುಸ್ತಕ ಮುಚ್ಚಿದಾಗ ಅವಳಿಗೆ ಬೈದಿದ್ದರೇ ವಾಸಿ ಅನ್ನಿಸಿತು.

ಮೆಟ್ಟಿಲ ಬಳಿ ಅವನು ಕಾಯುತ್ತಿದ್ದ.

"ಕಾರ್ಯಕ್ರಮದ ದಿನ ನಾನು ಬರಲ್ಲ," ಎಂದ. "ನಾನು ಇರದಿದ್ರೆ ನೀವು ನಿಮ್ಮ ಪಾಡಿಗೆ ನುಡಿಸ್ತೀರಿ. ಡ್ಯೂಟಿ ಇದೆ ಅಂತ ಟೀಚರಮ್ಮಂಗೆ ಹೇಳ್ತೀನಿ."

ಅವಳು ಅಲ್ಲೇ ನಿಂತುಬಿಟ್ಟಳು. ಇಷ್ಟು ದಿನದ ಸಿಟ್ಟೆಲ್ಲ ಒಟ್ಟಿಗೇ ಹೊರಬಿತ್ತು.

"ನನ್ನನ್ನ ಕೊನೇ ಸಾಲಿಂದ ಎಬ್ಬಿಸಿದ್ದಾಯ್ತು. ಈಗ ನೀವೂ ಎದ್ದು ಹೋಗ್ತೀರಾ?"

"ನಾನು ಎಬ್ಬಿಸಿದ್ನಾ?"

"ಮೂರು ಸಲ ಹೋಗಿ ಹೇಳಿದ್ದು ಯಾರು?"

ಅವನು ಗೋಡೆಗೆ ಒರಗಿದ. "ಆರು ವರ್ಷದಿಂದ ನಿಮ್ಮ ವಯೊಲಿನ್ನು ಒಂದು ಮೊಳ ದೂರದಿಂದ ಕೇಳ್ತಿದ್ದೀನಿ. ಬೇರೆ ಯಾರಿಗೂ ಕೇಳಲ್ಲ ಅದು, ನನಗೊಬ್ಬನಿಗೇ. ನನಗೇನೋ ಅದು ಹಬ್ಬ. ಆದರೆ ಅದು ನ್ಯಾಯ ಅಲ್ಲ ಅನ್ನಿಸ್ತು." ಮೆಟ್ಟಿಲ ಕಡೆ ನೋಡುತ್ತ ಸೇರಿಸಿದ: "ಹೇಳೋಕೆ ಅಂತ ಬಾಗಿಲ ತನಕ ಹೋಗಿ, ಹೇಳದೆ ಎಷ್ಟೋ ಸಲ ವಾಪಸ್ ಬಂದಿದ್ದೀನಿ. ಅದನ್ನೂ ಎಣಿಸಿದರೆ ಮೂರಲ್ಲ, ಹತ್ತು ಸಲ."

ಕೆಳಗಡೆ ಯಾರೋ ದೀಪದ ಸ್ವಿಚ್ಚು ಹುಡುಕುತ್ತಿದ್ದರು. ಅವಳು ಬಾಯಿಗೆ ಬಂದದ್ದನ್ನೇ ಹೇಳಿದಳು.

"ನೀವು ಬರದಿದ್ರೆ ನಾನೂ ನಿಲ್ಲಲ್ಲ. ಪುಟ ತಿರುವಿದರೂ ಪರವಾಗಿಲ್ಲ, ಬನ್ನಿ."

"ಮರ್ಯಾದೆ ಹೋಗತ್ತೆ ನಿಮ್ಮದು."

"ಹೋಗಲಿ. ನನ್ನದು ತಾನೇ?"

ಕಾರ್ಯಕ್ರಮ ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ. ತಾನೇ ಹೊಲಿದ ಕಡುನೀಲಿ ಉಡುಪು ತೊಟ್ಟು ಅವಳು ಪರದೆಯ ಸಂದಿನಿಂದ ಇಣುಕಿದಳು. ಅಕ್ಕ ಪ್ರೇಕ್ಷಕರ ಮುಂದಿನ ಸಾಲಿನಲ್ಲೇ ಕೂತು ಪಕ್ಕದವರಿಗೆ ಏನೋ ಹೇಳುತ್ತಿದ್ದಳು. "ನನ್ನ ತಂಗಿ" ಎಂದೇ ಇರಬೇಕು. ವೇದಿಕೆಯ ಕೊನೆಯ ಸಾಲಿನಲ್ಲಿ ಅವನ ಕುರ್ಚಿ ಖಾಲಿ.

ಅವಳು ಪರದೆ ಬಿಟ್ಟು ಹಿಂಬಾಗಿಲ ಕಡೆ ನೋಡಿದಳು.

ಟೀಚರಮ್ಮ "ಹೊರಡಮ್ಮ" ಎನ್ನುವಾಗ ಹಿಂಬಾಗಿಲಿನಿಂದ ಏದುಸಿರು ಬಿಡುತ್ತ ಅವನು ಒಳಗೆ ಬಂದ. ಕಪ್ಪು ಕೋಟಿನ ತೋಳಿಗೆ ಗ್ರೀಸು.

"ಆಸ್ಪತ್ರೆ ಲಿಫ್ಟು ನಿಂತುಬಿಟ್ಟಿತ್ತು ಮೇಡಂ, ಒಳಗೆ ಒಬ್ಬ ಅಜ್ಜಿ ಇದ್ರು."

"ಅಜ್ಜಿ ಹೊರಗೆ ಬಂದ್ರಾ?"

"ಬಂದ್ರು. ಇಷ್ಟು ಹೊತ್ತು ಮಾಡಿದೆ ಅಂತ ಬೈದ್ರು."

ಹೋಗುವಾಗ ಅವನು ಒಂದು ಕ್ಷಣ ಅವಳ ಪಕ್ಕ ನಿಂತ. "ತಲೆ ಬಾಗಿಸಿ," ಎಂದ. "ಎಷ್ಟು ಬೇಕಾದರೂ. ನನ್ನ ಭಾಗ ಪೂರ್ತಿ ಬಾಯಿಪಾಠ ಮಾಡಿದ್ದೀನಿ. ಪುಟ ತಿರುವೋದು ಆ ಹುಡುಗಿಗೆ ಬಿಟ್ಟಿದ್ದೀನಿ. ನಾನು ಪುಸ್ತಕ ನೋಡಲ್ಲ."

"ಮತ್ತೆ ಏನು ನೋಡ್ತೀರಿ?"

ಅವನು ಉತ್ತರ ಕೊಡದೆ ಹೋಗಿ ಕೂತ. ಆದರೆ ಹೋಗುವ ಮುನ್ನ ಅವಳ ಮುಖವನ್ನು ಆರು ವರ್ಷದಲ್ಲಿ ಮೊದಲ ಸಲ ನೇರವಾಗಿ, ಪೂರ್ತಿಯಾಗಿ ನೋಡಿದ. ಅದೇ ಉತ್ತರವೆಂದು ಅವಳಿಗೆ ಗೊತ್ತಾಯಿತು.

ನಿಧಾನದ ಭಾಗ ಬಂದಾಗ ಅವಳು ಯಾವ ಬಿಗಿಯೂ ಇಲ್ಲದೆ ತಲೆ ಬಾಗಿಸಿ ಉಸಿರೆಳೆದಳು. ಹಿಂದೆ ಎಲ್ಲೂ ಕಾಗದದ ಸದ್ದಾಗಲಿಲ್ಲ. ಮೇಲೆ ಹೋದ ಸ್ವರ ಅಲ್ಲೇ ಒಂದು ಗಳಿಗೆ ನಿಂತು, ಮಲಗಿದ ಮಗುವನ್ನು ಹಾಸಿಗೆಗೆ ಇಳಿಸುವ ಹಾಗೆ, ಎಚ್ಚರವಾಗದಂತೆ ಇಳಿಯಿತು. ಮುಂದಿನ ಸಾಲಿನಲ್ಲಿ ಅಕ್ಕ ಕರವಸ್ತ್ರ ಹುಡುಕುತ್ತಿದ್ದಳು.

ಚಪ್ಪಾಳೆ ಮುಗಿಯಿತು. ಮೊದಲ ಸಾಲಿನಲ್ಲಿ ಇಪ್ಪತ್ತೈದು ವರ್ಷದಿಂದ ಕೂರುವ ತಾತ ಬಂದು, "ಇನ್ನು ನೀನು ನನ್ನ ಪಕ್ಕ. ಪುಟ ನಾನು ತಿರುವಲ್ಲ, ಈಗಲೇ ಹೇಳಿದ್ದೀನಿ," ಎಂದು ಕೈ ಕುಲುಕಿ ಹೋದರು.

ಹೊರಗೆ ಇನ್ನೂ ಬೆಳಕಿತ್ತು. ಅವನು ರಸ್ತೆಯಂಚಿನಲ್ಲಿ ವಯೊಲಿನ್ ಪೆಟ್ಟಿಗೆ ಹೆಗಲಿಗೇರಿಸಿ ನಿಂತಿದ್ದ. ಅಕ್ಕ ಇಬ್ಬರನ್ನೂ ನೋಡಿ, "ನನಗೆ ಅಂಗಡಿಗೆ ಹೋಗೋದಿದೆ," ಎಂದು, ಯಾವ ಅಂಗಡಿ ಎಂದು ಹೇಳದೆ, ಮನೆಗೆ ವಿರುದ್ಧದ ದಿಕ್ಕಿನಲ್ಲಿ ನಡೆದುಬಿಟ್ಟಳು.

ಇಬ್ಬರೂ ಇನ್ನೊಂದು ಕಡೆ ನಡೆದರು.

"ಮೊದಲ ಸಾಲಿಗೆ ನೀವೂ ಬನ್ನಿ," ಎಂದಳು ಅವಳು.

"ಆ ತಾತನನ್ನ ಎಬ್ಬಿಸೋಕೆ ಲಿಫ್ಟ್ ಸಾಲದು, ಕ್ರೇನ್ ಬೇಕು. ಅಲ್ಲದೆ ನನ್ನ ಕೈ ಅಷ್ಟಕ್ಕಷ್ಟೇ. ನನಗೆ ಹಿಂದೆಯೇ ಸರಿ."

"ಹಾಗಾದ್ರೆ ಬುಧವಾರ?"

"ಪಕ್ಕಪಕ್ಕ ಕೂರೋ ಬುಧವಾರ ಹೋಯ್ತು," ಎಂದ ಅವನು. ಹೆಜ್ಜೆ ನಿಲ್ಲಿಸಿದ. "ವಾರಕ್ಕೆ ಎರಡು ಗಂಟೆ. ನನಗೆ ಅದು ಸಾಕಾಗಿತ್ತು. ಸಾಕು ಅಂತ ನಂಬಿಸಿಕೊಂಡಿದ್ದೆ. ಅದೂ ಹೋದಮೇಲೆ..." ಹೆಗಲ ಪೆಟ್ಟಿಗೆಯ ಪಟ್ಟಿಯನ್ನು ಸುಮ್ಮನೆ ಎಳೆದುಕೊಂಡ. "ಉಳಿದ ದಿನಗಳನ್ನ ಕೇಳೋಣ ಅಂತ. ಮೊದಲು ಸೋಮವಾರ ಕೊಡಿ. ಆಮೇಲೆ ಮಂಗಳವಾರ ಕೇಳ್ತೀನಿ. ಅವಸರ ಇಲ್ಲ."

ಅವಳು ಅವನನ್ನೇ ನೋಡಿದಳು. ಲಿಫ್ಟಿನ ತಂತಿಗೆ ಹೆದರದವನು ಇಲ್ಲಿ ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದ. ಒರೆಸಿದ ಕಡೆ ಗ್ರೀಸಿನ ಗೆರೆ ಮೂಡಿತು. ಅವಳು ಕೈಚೀಲದಿಂದ ಬಟ್ಟೆಯ ಚೂರು ತೆಗೆದು, ಕೇಳದೆಯೇ, ಅದನ್ನು ಒರೆಸಿದಳು.

"ಹೀಗೆ ಒಂದೊಂದೇ ದಿನ ಕೇಳ್ತಾ ಕೂತರೆ ಇನ್ನೂ ಆರು ವರ್ಷ ಹಿಡಿಯತ್ತೆ," ಎಂದಳು. "ಎಲ್ಲಾ ಒಟ್ಟಿಗೇ ತಗೊಳ್ಳಿ."